ಬಂಗುಡೆಯ ಮೇಲೆ ಎರಡು ಸಲ ಒತ್ತಿದರೆ

ಕೆಲವು ವಿವರಗಳು ತಪ್ಪಿರಬಹುದು. ಕಂಪ್ಯೂಟರಿನ ಪರದೆಯಲ್ಲಿ ಆ ಬಂಗುಡೆ ಮೀನು ಎಡಕ್ಕೆ ಮುಖ ಮಾಡಿತ್ತೋ ಬಲಕ್ಕೋ, ಆಣೆ ಮಾಡಲಾರೆ. ಮೀನು ಇದ್ದದ್ದು ನಿಜ. ಇವತ್ತು ಬನ್ನಂಜೆಯಲ್ಲಿ ಬಸ್ಸು ಹತ್ತಿದಾಗ ಮುಂದಿನ ಸೀಟಿನವಳ ಮುಡಿಯಿಂದ ಮಲ್ಲಿಗೆಯ ಪರಿಮಳ ಬಂತು. ನಿಮಗಾದರೆ ಮದುವೆಮನೆ ನೆನಪಾದೀತು. ನನಗೆ ಮೌಸ್ ನೆನಪಾಯಿತು.

ಶಂಕರಪುರದ ನನ್ನ ದೊಡ್ಡಮ್ಮ ಮಲ್ಲಿಗೆ ಕಟ್ಟಿದ ಒದ್ದೆ ಕೈಯಲ್ಲೇ ಮೌಸ್ ಹಿಡಿಯುತ್ತಿದ್ದಳು. ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಹೂಡೆಯಲ್ಲಿ ಮೀನು ಮಾರುವ ತಂಗಿಯ ಮುಖ ನೋಡಬೇಕೆಂದರೆ, ದೊಡ್ಡಪ್ಪ ಪೇಪರ್ ಮುಗಿಸಿ ಬಂದು ಕಂಪ್ಯೂಟರಿನಲ್ಲಿ ವಿಡಿಯೋ ಕರೆ ಹಚ್ಚಿಕೊಡುವವರೆಗೆ ಕಾಯಬೇಕು. ಅವರು ನಿವೃತ್ತ ಹೆಡ್‌ಮಾಸ್ಟರು. ಓದುವುದನ್ನು ಅವಸರದಲ್ಲಿ ಮುಗಿಸುವವರಲ್ಲ.

ಮಣಿಪಾಲದಲ್ಲಿ ಓದುತ್ತಿದ್ದ ನಾನು, ಎಲ್ಲ ಬಲ್ಲವಳ ಗತ್ತಿನಲ್ಲಿ, ಒಂದು ಭಾನುವಾರ ಅವಳಿಗೆ ಗುರುತು ಸಿಗಲೆಂದು ಪರದೆಯ ಶಾರ್ಟ್‌ಕಟ್‌ಗಳ ಚಿತ್ರ ಬದಲಿಸಿದೆ. ಮೌಸಿನ ಬಲಗುಂಡಿ, ಕೊನೆಯ ಸಾಲಿನ ಪ್ರಾಪರ್ಟೀಸ್, ಚೇಂಜ್ ಐಕಾನ್. ಫೋಟೋಗಳಿಗೆ ಮಲ್ಲಿಗೆ ಚೆಂಡು. ತಂಗಿಗೆ ಕರೆ ಹೋಗುವುದಕ್ಕೆ ಬಂಗುಡೆ.

"ನನ್ನ ತಂಗಿ ಬಂಗುಡೆಯಾ? ಇರಲಿ, ಬಾಯಿ ಹಾಗೆಯೇ ಉಂಟು," ಎಂದಳು ದೊಡ್ಡಮ್ಮ.

ಮುಂದಿನ ವಾರ ಹೋದರೆ ಎಲ್ಲ ಮೊದಲಿನಂತೆ. "ಇದೆಂತ ಅಂಗನವಾಡಿಯಾ? ಬಂದವರು ನೋಡಿದರೆ ಮರ್ಯಾದೆ ಬೇಡವಾ?" ಎಂದರು ದೊಡ್ಡಪ್ಪ. ನಾನು ಜಗಳ ಮಾಡಿದೆನೆಂದು ನನ್ನ ಡೈರಿ ಹೇಳುತ್ತದೆ. ಬರೆದವಳು ನಾನೇ ಆದ್ದರಿಂದ ನಂಬುವುದಿಲ್ಲ. ಸುಮ್ಮನೆ ಕಾಫಿ ಕುಡಿದಿರಬೇಕು.

ಸುಮ್ಮನಿರದವಳು ದೊಡ್ಡಮ್ಮ. "ಆ ಬಲಗುಂಡಿ ಇನ್ನೊಮ್ಮೆ ತೋರಿಸು ಮಾರಾಯ್ತಿ." ಹೂ ಕಟ್ಟುವ ಕೈಗೆ ಒಂದು ಗಂಟನ್ನು ಎರಡನೆಯ ಸಲ ತೋರಿಸಬೇಕಾಗಿಲ್ಲ. ಅಕ್ಷರ ಬಿಟ್ಟು ಸಾಲು ಎಣಿಸಿ ಕಲಿತಳು. ಅವರು ತೆಗೆದರು, ಇವಳು ಹಾಕಿದಳು. ಮತ್ತೆ ತೆಗೆದರು, ಮತ್ತೆ ಹಾಕಿದಳು. ಕೊನೆಗೆ ದೊಡ್ಡಪ್ಪನ ಪತ್ರಗಳ ಶಾರ್ಟ್‌ಕಟ್‌ಗೂ ಬಂಗುಡೆಯನ್ನೇ ಅಂಟಿಸಿದಳು. ಅವರು ಪತ್ರವೆಂದು ಒತ್ತಿದ್ದು ಪಕ್ಕದಲ್ಲಿದ್ದ ತಂಗಿಯ ಬಂಗುಡೆಯನ್ನು. ಪರದೆ ತುಂಬ ಹೂಡೆಯ ತಂಗಿ: "ಭಾವ, ಮೊದಲು ಒಂದು ಅಂಗಿ ಹಾಕಿಕೊಳ್ಳಿ."

"ಕೈ ಒದ್ದೆ ಇತ್ತು, ತಪ್ಪಿರಬೇಕು," ಎಂದಳಂತೆ ದೊಡ್ಡಮ್ಮ, ಹೂವಿನಿಂದ ತಲೆ ಎತ್ತದೆ.

ನಿನ್ನೆ ದೊಡ್ಡಪ್ಪ ಫೋನ್ ಮಾಡಿದರು. ಹೊಸ ಕಂಪ್ಯೂಟರ್ ಬಂದಿದೆ. "ಬಂದು ಸರಿ ಮಾಡಿಕೊಡು. ಚಿತ್ರಗಿತ್ರ ಎಂತದೂ ಬೇಡ, ಆಯ್ತಾ?"

ಆಗಲಿಲ್ಲ ಎಂದೆ. ಮೊದಲು ಬಂಗುಡೆ, ಆಮೇಲೆ ಉಳಿದದ್ದು. ಈ ಬಸ್ಸು ಶಂಕರಪುರಕ್ಕೇ ಹೋಗುತ್ತಿದೆ; ಮೀನು ಪೆನ್‌ಡ್ರೈವಿನಲ್ಲಿದೆ. ಅಂದು ಡೈರಿಗೆ ಮಾತ್ರ ಹೇಳಿದ್ದನ್ನು ನಿನ್ನೆ ಅವರನ್ನೇ ಕೇಳಿದೆ.

"ದೊಡ್ಡಪ್ಪ, ನಿಮಗೆ ಓದಲು ಬರುತ್ತದಲ್ಲ. ದೊಡ್ಡಮ್ಮನಿಗೆಂದು ಹಾಕಿದ ಚಿತ್ರ ನಿಮಗೆ ಎಂತ ಅಡ್ಡ ಬಂತು?"