ಇಟ್ಟಿಗೆ ಚೂರಿನ ವಠಾರ

ನಮ್ಮ ಪ್ರಾಣಿಶಾಸ್ತ್ರದ ಮೇಡಂ ಅವರ ಬಲಗಣ್ಣಿನ ಸುತ್ತ ಸದಾ ಒಂದು ಗುಂಡನೆಯ ಗುರುತಿರುತ್ತಿತ್ತು. ಹಳೆಯ ಮೈಕ್ರೋಸ್ಕೋಪಿಗೆ ಕಣ್ಣೊತ್ತಿ ಒತ್ತಿ ಮೂಡಿದ್ದು. ಅದರಲ್ಲಿ ಅವರು ನೋಡುತ್ತಿದ್ದದ್ದು ಬ್ರಯೋಜೋವಗಳನ್ನು. ಕೆರೆಯ ನೀರಿನೊಳಗೆ ಕಲ್ಲಿಗೋ ಇಟ್ಟಿಗೆಗೋ ಕಂದು ಪಾಚಿಯಂತೆ ಅಂಟಿಕೊಂಡು, ಗುಂಪಾಗಿ ಬದುಕುವ ಪುಟಾಣಿ ಪ್ರಾಣಿಗಳು. ಮೇಡಂ ಅವನ್ನು ‘ನಮ್ಮ ವಠಾರದವರು’ ಎನ್ನುತ್ತಿದ್ದರು.

“ಅಲ್ಲಾಡದೆ ಕೂತು ನೋಡಮ್ಮ, ಕೈ ಹೊರಗೆ ಹಾಕ್ತಾರೆ.”

ನಿಜ. ಸ್ವಲ್ಪ ಹೊತ್ತಿಗೆ ಅವು ವಾಸಿಸುವ ಒಂದೊಂದು ಪುಟ್ಟ ಕೊಳವೆಯಿಂದಲೂ ಕೂದಲಿನಂಥ ಕೈಗಳ ಗೊಂಚಲು ಅರಳುತ್ತಿತ್ತು. ಯಾರಾದರೂ ಧಪಧಪ ನಡೆದರೆ ಸಾಕು, ಎಲ್ಲವೂ ಒಳಗೆ. ಅದಕ್ಕೇ ಮೇಡಂ ಲ್ಯಾಬಿನಲ್ಲಿ ಬರಿಗಾಲಲ್ಲೇ ಓಡಾಡುತ್ತಿದ್ದರು.

ನಾನು ಜಯನಗರದ ಆ ಕಾಲೇಜಿನಲ್ಲಿ ಎಂ.ಎಸ್ಸಿ. ಕೊನೆಯ ವರ್ಷದಲ್ಲಿದ್ದಾಗ, ಹೂಳೆತ್ತಲೆಂದು ಜರಗನಹಳ್ಳಿ ಕಡೆಯ ಕೆರೆಯೊಂದರ ನೀರನ್ನು ಖಾಲಿ ಮಾಡಿದರು. ಅದರ ಹಿಂದಿನ ದಿನ ಮೇಡಂ ಸೀರೆ ಎತ್ತಿಕಟ್ಟಿ ಕೆಸರಿಗಿಳಿದು ಒಂದು ಇಟ್ಟಿಗೆ ಚೂರು ತಂದು ಗಾಜಿನ ಟ್ರೇಯಲ್ಲಿಟ್ಟರು. ಆ ಕೆರೆಯ ವಠಾರದವರಲ್ಲಿ ಉಳಿದವರು ಅಷ್ಟೇ. ಮರುವಾರವೇ ಮೇಡಂಗೆ ಹೊಟ್ಟೆಯ ಆಪರೇಷನ್. ಲ್ಯಾಬಿನ ಬೀಗದಕೈ ನನಗೆ ಕೊಟ್ಟರು.

“ನಲ್ಲಿ ನೀರು ಮಾತ್ರ ನೇರವಾಗಿ ಹಾಕ್ಬೇಡ. ಎರಡು ದಿನ ಬಿಸಿಲಲ್ಲಿಟ್ಟು, ಕ್ಲೋರಿನ್ ಹೋದ್ಮೇಲೆ ಹಾಕು.”

ಮೂರನೆಯ ದಿನ ಹೋಗಿ ನೋಡಿದರೆ ಟ್ರೇಯ ನೀರು ತಳ ಸೇರಿತ್ತು, ಇಟ್ಟಿಗೆಯ ಮೇಲ್ಭಾಗ ಹೊರಗಿತ್ತು. ಬಿಸಿಲಿಗೆ ನೀರಿಡುವುದನ್ನು ನಾನು ಮರೆತಿದ್ದೆ. ಒಣಗಿಬಿಟ್ಟರೆ ಎಂಬ ಗಾಬರಿಯಲ್ಲಿ ನಲ್ಲಿ ತಿರುಗಿಸಿ ತುಂಬಿಸಿದೆ. ಮಾರನೆಯ ದಿನ ಎರಡು ಗಂಟೆ ಉಸಿರು ಬಿಗಿಹಿಡಿದು ಕೂತರೂ ಒಂದು ಕೈಯೂ ಹೊರಬರಲಿಲ್ಲ. ಅದರ ಮರುದಿನ ನೀರು ನಾರತೊಡಗಿತು.

ಆ ಸಂಜೆ ಆಸ್ಪತ್ರೆಯಿಂದ ಮೇಡಂ ಫೋನು. ದನಿ ಸೋತಿತ್ತು.

“ಹೇಗಿದಾರೆ ನಮ್ಮೋರು?”

“ಚೆನ್ನಾಗಿದಾರೆ ಮೇಡಂ.”

ಒಂಬತ್ತು ದಿನ ಹಾಗೇ ಹೇಳಿದೆ. ಲ್ಯಾಬಿನ ರೆಕಾರ್ಡ್ ಪುಸ್ತಕದಲ್ಲೂ ದಿನಾ ಅದನ್ನೇ ಬರೆದೆ. ಅವರು ಕುಮಾರಸ್ವಾಮಿ ಲೇಔಟ್‌ನ ಮನೆಗೆ ಮರಳಿದ ದಿನ ಹೋಗಿ, ಮಂಚದ ಪಕ್ಕ ನಿಂತು ಅತ್ತುಬಿಟ್ಟೆ.

“ಗೊತ್ತಿತ್ತು ಕಣೇ,” ಎಂದರು. “ದಿನಾ ಚೆನ್ನಾಗಿದಾರೆ ಅಂತಿದ್ದೆ. ಜೀವ ಇರೋದು ಯಾವುದೂ ದಿನಾ ಚೆನ್ನಾಗಿರಲ್ಲ. ರೆಕಾರ್ಡ್ ಪುಸ್ತಕದಲ್ಲೂ ಹಾಗೇ ಬರೆದಿದ್ದೀಯಾ?”

ಹೌದೆಂದು ತಲೆಯಾಡಿಸಿದೆ.

“ಅದನ್ನ ಹೊಡೆದುಹಾಕಿ ಆಗಿದ್ದು ಬರಿ. ಇಟ್ಟಿಗೆ ಬಿಸಾಕ್ಬೇಡ. ಸತ್ತ ಕೊಳವೆಗಳೊಳಗೆ ಗಸಗಸೆಯಂಥ ಕಪ್ಪು ಕಾಳುಗಳಿರ್ತವೆ. ಅವು ಕಷ್ಟಕಾಲಕ್ಕೆ ಅಂತ ಇವರು ಇಟ್ಕೊಂಡಿರೋದು, ಒಳ್ಳೆ ನೀರು ಸಿಕ್ಕರೆ ಅದರಿಂದ ಮತ್ತೆ ಮರಿ ಹುಟ್ತವೆ. ಹುಡುಕು.”

ಹದಿನೇಳು ಕಾಳು ಸಿಕ್ಕವು. ಈ ಸಲ ಬಿಸಿಲಲ್ಲಿಟ್ಟ ನೀರಲ್ಲೇ ಹಾಕಿದೆ. ಅತ್ತ ಮೇಡಂ ಕಾಯಿಲೆ ಲಿವರಿಗೂ ಹಬ್ಬಿದೆಯೆಂದು ಡಾಕ್ಟರು ಹೇಳಿದರು. ಬೆಳಿಗ್ಗೆ ಲ್ಯಾಬಿಗೆ ಹೋಗಲೂ ಭಯ, ಸಂಜೆ ಅವರ ಮನೆಗೆ ಹೋಗಲೂ ಭಯ. ಮೂರು ವಾರ ಕಳೆದ ಮೇಲೆ ಒಂದು ಕಾಳು ಚಿಪ್ಪಿನಂತೆ ಎರಡಾಗಿ ಬಿರಿದು, ಒಳಗಿನ ಮರಿ ಮೆಲ್ಲಗೆ ಕೈ ಚಾಚಿತು. ಸಿಕ್ಕ ಆಟೋ ಹತ್ತಿ ಮೇಡಂ ಮನೆಗೆ ಓಡಿದೆ.

ಮೇಡಂ ಕಣ್ಣು ತೆರೆಯುವ ಸ್ಥಿತಿಯಲ್ಲಿರಲಿಲ್ಲ. ಕಿವಿಯ ಬಳಿ ಬಾಗಿ ಹೇಳಿದೆ: “ಮೇಡಂ, ಒಂದು ಒಡೀತು. ಒಂದೇ. ಮಿಕ್ಕಿದ್ದೆಲ್ಲ ಹಾಗೇ ಇವೆ.”

ಅವರ ತುಟಿ ಅಲುಗಿತು.

“ಒಂದೇ ಅಂದ್ಯಲ್ಲ… ಹಾಗಾದ್ರೆ ನಿಜ.”

ನಾಲ್ಕು ದಿನಕ್ಕೆ ತೀರಿಕೊಂಡರು. ಒಂಬತ್ತು ದಿನ ಸುಳ್ಳು ಹೇಳಿದವಳ ಮಾತನ್ನು ಅವರು ಕಣ್ಣಾರೆ ನೋಡದೆಯೇ ನಂಬಿದರು. ಆ ನಂಬಿಕೆಗೆ ತಕ್ಕವಳಾಗಿ ಉಳಿದಿದ್ದೇನೆಯೇ ಎಂಬ ಅಳುಕು ನನ್ನನ್ನು ಇಂದಿಗೂ ಬಿಟ್ಟಿಲ್ಲ.