ದೊಡ್ಡಮ್ಮ ಕಲಿತ ಇಪ್ಪತ್ತು ಪದಗಳು

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಕೋಲಾರದಲ್ಲಿ ಶಿಕ್ಷಕರ ತರಬೇತಿಗೆ ಸೇರಿದ್ದೆ. ಮನಃಶಾಸ್ತ್ರದ ಮೇಷ್ಟ್ರು, ಪ್ರತಿಯೊಬ್ಬರೂ ಒಂದು ಸಣ್ಣ ಪ್ರಯೋಗ ಮಾಡಿ ರೆಕಾರ್ಡಿನಲ್ಲಿ ಬರೆದು ತರಬೇಕು ಎಂದರು. ಉಳಿದವರೆಲ್ಲ ಹಿಂದಿನ ವರ್ಷದವರ ರೆಕಾರ್ಡು ಹುಡುಕಿಕೊಂಡು ಹೋದರು. ನನಗೆ ಸ್ವಲ್ಪ ಜಂಬ. ನನ್ನದೇ ಪ್ರಯೋಗ ಮಾಡುತ್ತೇನೆಂದು ಹೊರಟೆ.

ನಾನು ಯೋಚಿಸಿದ್ದು ಇಷ್ಟೆ. ಇಪ್ಪತ್ತು ಸಾಮಾನ್ಯ ಪದಗಳನ್ನು ನಿಧಾನವಾಗಿ ಓದುವುದು, ಎರಡು ನಿಮಿಷ ಬೇರೇನೋ ಮಾತಾಡುವುದು, ಆಮೇಲೆ ಎಷ್ಟು ನೆನಪಿದೆ ಎಂದು ಕೇಳುವುದು. ಐದು ಜನ ಓದಿದವರು, ಐದು ಜನ ಓದು ಬಾರದವರು. ಓದಿದವರೇ ಹೆಚ್ಚು ಹೇಳುತ್ತಾರೆಂಬುದು ನನ್ನ ಊಹೆ. ಊಹೆ ಎಂದು ಬರೆದಿದ್ದೆನೇ ಹೊರತು ಅದರಲ್ಲಿ ನನಗೆ ಅನುಮಾನವಿರಲಿಲ್ಲ.

ಹಾಸ್ಟೆಲಿನ ಐದು ಗೆಳತಿಯರನ್ನು ಕೂರಿಸಿ ಮೊದಲರ್ಧ ಮುಗಿಸಿದೆ. ಉಳಿದರ್ಧಕ್ಕೆ ಭಾನುವಾರ ಬಸ್ಸು ಹತ್ತಿ ರಾಯಲ್ಪಾಡಿನ ದೊಡ್ಡಮ್ಮನ ಮನೆಗೆ ಹೋದೆ. ಅಮ್ಮನಿಗೆ ಕಾಯಿಲೆಯಾಗಿದ್ದಾಗ ನನ್ನನ್ನು ಎರಡು ವರ್ಷ ಸಾಕಿದವಳು ಅವಳು. ಅವಳ ಮನೆಮಾತು ತೆಲುಗು. ನನ್ನ ಜೊತೆ ತೆಲುಗು, ಕನ್ನಡ ಎರಡನ್ನೂ ಬೆರೆಸಿ ಮಾತಾಡುತ್ತಿದ್ದಳು. ಅಕ್ಷರ ಕಲಿತವಳಲ್ಲ.

ಟೊಮೆಟೊ ಆರಿಸುತ್ತಿದ್ದವಳು ಕೈ ತೊಳೆದು, ಸೆರಗು ಸರಿಮಾಡಿಕೊಂಡು ನನ್ನೆದುರು ಕೂತಳು. ಪದಗಳನ್ನು ಓದಿದೆ. ಎರಡು ನಿಮಿಷ ಬಿಟ್ಟು ಕೇಳಿದಾಗ ಕಣ್ಣು ಮುಚ್ಚಿಕೊಂಡು ಹೇಳತೊಡಗಿದಳು: "ಉಪ್ಪು... ವಾನ... ದೀಪ... ಪಿಲ್ಲಿ... ತಲುಪು..."

ಪಟ್ಟಿಯಲ್ಲಿದ್ದದ್ದು ಮಳೆ, ಬೆಕ್ಕು, ಬಾಗಿಲು. ಕೊಟ್ಟ ಪದವನ್ನೇ ಹೇಳಬೇಕೆಂಬುದು ನಾನೇ ಮಾಡಿದ್ದ ನಿಯಮ. ತೆಲುಗಿನಲ್ಲಿ ಹೇಳಿದ ಒಂದೊಂದಕ್ಕೂ ಕಾಟು ಹಾಕುತ್ತಾ ಹೋದೆ. ಓದು ಬಾರದಿದ್ದರೂ ಕಾಟು ಹಾಕಿದ್ದು ಅವಳಿಗೆ ತಿಳಿಯಿತು.

"ಅದ್ಯಾಕೆ ಹಂಗೆ ಗೀಟು ಹಾಕ್ತೀಯೇ? ತಪ್ಪಾ?"

"ನಾನು ಮಳೆ ಅಂತ ಹೇಳಿದ್ದು, ದೊಡ್ಡಮ್ಮ."

"ವಾನ ಅಂದ್ರೂ ಅದೇ ಅಲ್ವೇನೇ? ನಿನ್ ಪುಸ್ತಕಕ್ಕೇನು ಬೇರೆ ಮಳೆ ಬೀಳ್ತದಾ?"

ನಿಯಮ ನಿಯಮವೇ ಎಂದೆ. ಇಪ್ಪತ್ತಕ್ಕೆ ಆರು ಎಂದು ಕೂಡಿಸಿಯೂ ಹೇಳಿದೆ. ಅವಳು ಎದ್ದು ಟೊಮೆಟೊ ಬುಟ್ಟಿಯ ಹತ್ತಿರ ಹೋದಳು. ಊಟಕ್ಕೆ ಬಡಿಸುವಾಗ, "ಓದಿದ್ರೆ ಬರ್ತಿತ್ತೇನೋ," ಎಂದಳು, ಅಷ್ಟೆ. ಬೇರೆಯವರನ್ನು ಕೇಳುವ ಮನಸ್ಸಾಗದೆ ಕೋಲಾರಕ್ಕೆ ವಾಪಸಾದೆ.

ಮೇಷ್ಟ್ರು ರೆಕಾರ್ಡಿನ ಆ ಪುಟ ನೋಡಿ ಕೇಳಿದರು. "ಈ ಕಾಟು ಹಾಕಿರೋ ಕಡೆಯೆಲ್ಲ ಅವ್ರು ಏನಂದ್ರಮ್ಮ?"

"ತೆಲುಗಲ್ಲಿ ಹೇಳಿದ್ರು ಸರ್. ಬರ್ಕೊಳ್ಳಲಿಲ್ಲ."

"ಅರ್ಥ ಸರಿಯಿತ್ತಾ?"

"ಇತ್ತು ಸರ್."

"ಹಂಗಾದ್ರೆ ನೆನಪು ಎಲ್ಲಿ ತಪ್ಪಿತು? ಹೋಗಿ ಇನ್ನೊಂದ್ಸಲ ಕೇಳ್ಕೊಂಡು ಬಾ. ಬೇರೆ ಪಟ್ಟಿ ಮಾಡ್ಕೋ."

ಹೊಸ ಪಟ್ಟಿ ಹಿಡಿದು ಮುಂದಿನ ಭಾನುವಾರ ಮತ್ತೆ ಹೋದೆ. ನಾನು ಬಾಯಿ ತೆರೆಯುವ ಮೊದಲೇ ದೊಡ್ಡಮ್ಮ, "ಕೂತ್ಕೋ, ಬರ್ಕೋ," ಎಂದಳು. ಉಪ್ಪಿನಿಂದ ಶುರುಮಾಡಿ ಹಗ್ಗ, ಕನ್ನಡಿ, ಮಳೆ, ಬೆಕ್ಕು ಎನ್ನುತ್ತಾ, ಇಪ್ಪತ್ತನ್ನೂ ಅದೇ ಕ್ರಮದಲ್ಲಿ, ಅಚ್ಚ ಕನ್ನಡದಲ್ಲಿ ಹೇಳಿ ಮುಗಿಸಿದಳು. ಹಿಂದಿನ ವಾರ ನಾನು ಪಟ್ಟಿಯ ಒಂದು ಪ್ರತಿಯನ್ನು ಅಲ್ಲೇ ಮರೆತುಬಂದಿದ್ದೆ. ಪಕ್ಕದ ಮನೆಗೆ ಮಾಲೂರಿನಿಂದ ಬಂದಿದ್ದ ಸೊಸೆಗೆ ಕನ್ನಡ ಓದಲು ಬರುತ್ತಿತ್ತು. ದೊಡ್ಡಮ್ಮ ದಿನಾ ಅವಳಿಂದ ಓದಿಸಿಕೊಂಡು ಬಾಯಿಪಾಠ ಮಾಡಿದ್ದಳು.

"ಇಷ್ಟೆಲ್ಲ ಯಾಕೆ ಮಾಡಿದೆ, ದೊಡ್ಡಮ್ಮ?"

"ನನ್ನಿಂದ ನಿನ್ ಮಾರ್ಕು ಹೋಗ್ಬಾರ್ದು ಕಣೇ."

ಪ್ರಯೋಗದ ಲೆಕ್ಕದಲ್ಲಿ ಆ ಇಪ್ಪತ್ತು ಯಾವ ಪ್ರಯೋಜನಕ್ಕೂ ಬರುವಂತಿರಲಿಲ್ಲ. ಒಂದು ವಾರ ಅಭ್ಯಾಸ ಮಾಡಿ ಹೇಳಿದ್ದು ಅದು. ಹೊಸ ಪಟ್ಟಿಯನ್ನು ಚೀಲದಿಂದ ಹೊರಗೆ ತೆಗೆಯಲಿಲ್ಲ. ಅವಳ ಕಣ್ಣೆದುರೇ ಇಪ್ಪತ್ತು ಸರಿ ಗುರುತು ಹಾಕಿದೆ. ಪ್ರತಿ ಗುರುತಿಗೂ ಅವಳು ಬಗ್ಗಿ ನೋಡಿದಳು.

ಆಮೇಲೆ ಅದೇ ಬೀದಿಯಲ್ಲಿ, ಓದು ಬಾರದ ಬೇರೆ ಐವರನ್ನು ಹೊಸ ಪಟ್ಟಿಯಿಂದ ಕೇಳಿದೆ. ಎರಡು ಭಾಷೆಯಲ್ಲಿ ಯಾವುದರಲ್ಲಿ ಹೇಳಿದರೂ ಸರಿ ಎಂದು ನಿಯಮ ಬದಲಿಸಿದೆ. ಹಾಸ್ಟೆಲಿನ ಗೆಳತಿಯರನ್ನೂ ಹೊಸ ಪಟ್ಟಿಗೆ ಕೂರಿಸಿದೆ. ಎರಡು ಗುಂಪಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ನನ್ನ ಊಹೆ ನಿಲ್ಲಲಿಲ್ಲ ಎಂದು ಬರೆದೆ. ದೊಡ್ಡಮ್ಮನ ಎರಡೂ ಪುಟಗಳನ್ನು ನಡೆದದ್ದು ನಡೆದಂತೆ ಸೇರಿಸಿ, ಲೆಕ್ಕಕ್ಕೆ ತೆಗೆದುಕೊಂಡಿಲ್ಲ ಎಂದು ಕೆಳಗೆ ಬರೆದೆ. ಮೇಷ್ಟ್ರು ಆ ಪುಟಗಳನ್ನು ತುಂಬಾ ಹೊತ್ತು ನೋಡಿದರು. ಮಾರ್ಕು ಮಾತ್ರ ಎಲ್ಲರಿಗೂ ಬಂದಷ್ಟೇ ಬಂತು.

ರಜಕ್ಕೆ ಹೋದಾಗ ದೊಡ್ಡಮ್ಮ ಮೊದಲು ಕೇಳಿದ್ದೇ ಮಾರ್ಕು ಎಷ್ಟು ಬಂತೆಂದು. ಹೇಳಿದೆ.

"ಅಷ್ಟೇನಾ? ಒಂದೂ ಬಿಡ್ದೆ ಹೇಳಿದ್ನಲ್ಲೇ!"

ನಿಜ ಹೇಳಲು ನಾಲಿಗೆ ಏಳಲಿಲ್ಲ. "ಆ ಮೇಷ್ಟ್ರೇ ಹಂಗೆ ದೊಡ್ಡಮ್ಮ, ಕೈ ಬಿಗಿ," ಎಂದೆ.

ತಪ್ಪು ಮಾಡದ ಮನುಷ್ಯನ ಮೇಲೆ ಅಪವಾದ ಹೊರಿಸಿದ್ದೆ. ಅವರ ಮುಖವನ್ನೇ ನೋಡದ ದೊಡ್ಡಮ್ಮ ಆಮೇಲೆ ಎಷ್ಟೋ ವರ್ಷ, ಅವರ ಮಾತು ಬಂದಾಗಲೆಲ್ಲ ಮುಖ ತಿರುವುತ್ತಿದ್ದಳು.