‘ಆತು’ ಅಂದದ್ದು ನಾನು

ನನ್ನ ಗಂಡ ಪರಮಾನಂದ ಬನಹಟ್ಟಿಯಲ್ಲಿ ಮಗ್ಗ ರಿಪೇರಿ ಮಾಡುತ್ತಿದ್ದರು. ಮನೆಯ ಹಿಂದಿನ ಶೆಡ್ಡಿನಲ್ಲಿ ನಮ್ಮವೇ ಎರಡು ಕರೆಂಟ್ ಮಗ್ಗ ಇವೆ. ಬಿಡುವಿದ್ದಾಗ ಡ್ರಮ್ ಬಡಿಯುತ್ತಿದ್ದರು. ನಲವತ್ತೊಂದಕ್ಕೆ ಸತ್ತರು. ಅವರ ಬಗ್ಗೆ ಬೇರೆಯವರು ಬಹಳ ಬರೆದರು, ತಪ್ಪು ಬರೆದರು. ಅದಕ್ಕೆ ಇದು.

ಡ್ರಮ್ ಕಲಿತದ್ದು ಮದುವೆ ಬ್ಯಾಂಡಿನಲ್ಲಿ. ಅಲ್ಲಿ ಬಿಡಿಸಿದರು, ಬಹಳ ಜೋರು ಬಡಿಯುತ್ತಾನೆ, ಕುದುರೆ ಬೆದರುತ್ತದೆ ಅಂತ. ಆಮೇಲೆ ಜಮಖಂಡಿಯ ಈಶ್ವರ ಸಿಕ್ಕ. ಮೊಬೈಲ್ ಅಂಗಡಿ ಅವನದು. ಗಿಟಾರ್ ಹಿಡಿದು ಕಿರುಚುತ್ತಾನೆ. ಇಬ್ಬರೂ ಸೇರಿ ಪಂಕ್ ಬ್ಯಾಂಡ್ ಕಟ್ಟಿದರು. ಹೆಸರು ‘ಖಟಪಟ’.

“ಪಂಕ್ ಅಂದ್ರೇನ್ರಿ?” ಅಂತ ಕೇಳಿದೆ.

“ಸಿಟ್ಟು ಬಂದಾಗ ಬಾರಿಸೋದು.”

“ಯಾರ ಮ್ಯಾಲ ಸಿಟ್ಟು?”

“ಮೊದಲ ಆ ಕುದುರಿ ಮ್ಯಾಲ.”

ಮೊದಲ ಆಲ್ಬಮ್ಮಿಗೆ ‘ಹರಕು ಅಂಚು’ ಅಂತ ಹೆಸರಿಟ್ಟರು. ಎಂಟು ಹಾಡು. ನಮ್ಮ ಶೆಡ್ಡಿನಲ್ಲೇ ರೆಕಾರ್ಡ್ ಮಾಡಿದರು. ಮಗ್ಗ ನಡೆಸಿಯೇ ಬಾರಿಸಬೇಕು ಅಂತ ಇವರ ಹಟ. ಇವರ ತಾಳ ಮಗ್ಗದ ತಾಳ.

ಊರಿನವರು ಕೇಳಿದರು. ನೂಲಿನ ಅಂಗಡಿಯ ರಾಜಕುಮಾರ ಬಾಗಿಲಲ್ಲೇ ನಿಂತು ಅಂದ: “ಪರಮಾ, ಕೆಟ್ಟ ಮಗ್ಗ ರಿಪೇರಿ ಮಾಡಂದ್ರ, ಮೊಬೈಲ್‌ದಾಗ ಹಾಕಿ ಊರಿಗೆಲ್ಲಾ ಹಂಚೀಯಲ್ಲೋ.” ಇವರೂ ನಕ್ಕರು. ನಮ್ಮತ್ತೆ ಇಂದ್ರವ್ವ ಪೂರ್ತಿ ಕೇಳಿ, “ಹಾಡು ಯಾವಾಗ ಚಾಲೂ ಆಗತೈತೋ?” ಅಂದರು.

ಬೆಂಗಳೂರಿನ ಒಬ್ಬ ವಿಮರ್ಶಕ ಆನ್‌ಲೈನ್ ಪತ್ರಿಕೆಯಲ್ಲಿ ಆರು ಸಾಲು ಬರೆದ. ಕಿವಿಗೆ ಶಿಕ್ಷೆ, ಡ್ರಮ್ಮರ್‌ಗೆ ತಾಳವೇ ಗೊತ್ತಿಲ್ಲ. ಅದಕ್ಕೆ ಇವರು ನಗಲಿಲ್ಲ. ಎರಡು ದಿನ ಡ್ರಮ್ ಮುಟ್ಟಲಿಲ್ಲ. ಮೂರನೇ ದಿನ, “ಅವನ ಕರದು ಒಂದ್ ತಾಸು ಮಗ್ಗದ ಮುಂದ ನಿಂದ್ರಸ್ಬೇಕು,” ಅಂದು ಮತ್ತೆ ಬಾರಿಸಿದರು.

ಆಲ್ಬಮ್ ಬಂದ ನಾಲ್ಕು ತಿಂಗಳಿಗೆ ಸತ್ತರು. ಮುಧೋಳಕ್ಕೆ ಮಗ್ಗದ ಗಿಯರ್ ತರಲು ಹೋಗಿದ್ದರು. ಅಲ್ಲಿಂದ ಫೋನ್ ಮಾಡಿ, “ಸಾಮಾನು ಸಿಕ್ತು. ಎರಡನೇ ಮಗ್ಗದ ಬೆಲ್ಟ್ ಬಿಚ್ಚಿಡು, ಬಂದ ಕೂಡ್ಲೆ ಹಾಕೋಣು,” ಅಂದರು. ಬಿಚ್ಚಿಟ್ಟೆ. ಮುಸ್ಸಂಜೆ, ಕಬ್ಬು ತುಂಬಿದ ಟ್ರ್ಯಾಲಿ ರಸ್ತೆಯಲ್ಲಿ ನಿಂತಿತ್ತು. ಹಿಂದೆ ದೀಪ ಇರಲಿಲ್ಲ. ಇವರ ಬೈಕ್ ಅದಕ್ಕೆ ಬಡಿಯಿತು. ಅಷ್ಟೇ.

ಅದೇ ವಿಮರ್ಶಕ ಈಗ ಎರಡು ಪುಟ ಬರೆದ. ಮಗಳು ಪ್ರತಿಮಾ ಓದಿ ಹೇಳಿದಳು. ಅವಳು ಒಂಬತ್ತನೇ ತರಗತಿ. ಕೊನೆಯ ಹಾಡಿನ ಬಗ್ಗೆ ಅವನು ಹೀಗೆ ಬರೆದಿದ್ದ: ಮಗ್ಗ ನಿಲ್ಲುತ್ತದೆ. ದಣಿದ ಹೆಣ್ಣೊಬ್ಬಳು ‘ಆತು’ ಎನ್ನುತ್ತಾಳೆ. ಎಲ್ಲ ಮುಗಿಯಿತು ಎಂದು. ಆಮೇಲೆ ಮೌನ. ತನ್ನ ಸಾವನ್ನು ತಾನೇ ಬರೆದಿಟ್ಟು ಹೋದ ಕಲಾವಿದ.

ಆ ಹೆಣ್ಣು ನಾನು. ದಣಿದಿರಲಿಲ್ಲ, ರೆಕಾರ್ಡ್ ನಡೆದಾಗ ಎಳೆ ಹರಿದಿತ್ತು, ಬಾಯಲ್ಲಿ ದಾರ ಕಚ್ಚಿಕೊಂಡಿದ್ದೆ.

ಮಗ್ಗದಲ್ಲಿ ಎಳೆ ಹರಿದರೆ ಮಗ್ಗ ನಿಲ್ಲಿಸುತ್ತೇವೆ. ಹಿಂದೆ ಬಗ್ಗಿ ಗಂಟು ಹಾಕುತ್ತೇವೆ. ಮುಂದಿರುವವರಿಗೆ ನಾವು ಕಾಣುವುದಿಲ್ಲ. ಗಂಟು ಬಿಗಿದು, ಕೈ ಹೊರಗೆ ತೆಗೆದ ಮೇಲೆ ‘ಆತು’ ಅಂತ ಕೂಗುತ್ತೇವೆ. ಆಗ ಅವರು ಹಿಡಿಕೆ ಎಳೆಯುತ್ತಾರೆ. ಆತು ಅಂದರೆ ಚಾಲೂ ಮಾಡು ಅಂತ. ಹದಿನೇಳು ವರ್ಷದಲ್ಲಿ ನಾನು ಆತು ಅನ್ನದೆ ಇವರು ಹಿಡಿಕೆ ಎಳೆದಿಲ್ಲ. ನನ್ನ ಹತ್ತೂ ಬೆರಳು ಇವೆ.

ಎರಡು ಪುಟ ಬಂದ ಮೇಲೆ ಸಾವಿರಾರು ಜನ ಕೇಳಿದರು. ಹಾಡಿನ ಕೆಳಗೆ ಬರೆದರು: ಅವನಿಗೆ ಗೊತ್ತಿತ್ತು. ಬೈಕ್ ಬೇಕಂತಲೇ ಗುದ್ದಿಸಿದ ಅಂತ. ಒಂದು ದಿನ ಪ್ರತಿಮಾ ಸಾಲೆಯಿಂದ ಬಂದು ಚೀಲ ಇಳಿಸದೆ ನಿಂತಳು.

“ಯವ್ವಾ, ಅಪ್ಪ ತಾನಾಗೇ ಸತ್ತನಂತ, ಖರೆ ಏನು?”

“ಯಾರಂದ್ರು?”

“ಕ್ಲಾಸಿನ್ಯಾಗ ದಾನೇಶ್ವರಿ. ಹಾಡಿನ್ಯಾಗ ಐತಂತ.”

ಅಲ್ಲ ಅಂದೆ. ನಂಬಿದಳೋ ಇಲ್ಲವೋ ಮುಖ ನೋಡಿದರೆ ತಿಳಿಯಲಿಲ್ಲ.

ಆ ವಿಮರ್ಶಕನಿಗೆ ಫೋನ್ ಮಾಡಿದೆ. ಮೆತ್ತಗೆ ಮಾತಾಡಿದ. “ನಿಮ್ಮ ನೋವು ಅರ್ಥ ಆಗುತ್ತೆ ಅಮ್ಮಾ. ಆದರೆ ಹಾಡು ಹೊರಗೆ ಬಂದ ಮೇಲೆ ಅರ್ಥ ಕೇಳುಗರದ್ದು.”

“ಅರ್ಥ ಅವರ್ದಾಗ್ಲಿ. ಸತ್ತಾವ ನನ್ನ ಗಂಡ್ರಿ,” ಅಂದೆ. ಮೀಟಿಂಗ್ ಇದೆ ಅಂದ.

ಮರುದಿನ ಬಸ್ ಹತ್ತಿ ಜಮಖಂಡಿಗೆ ಹೋದೆ. ಈಶ್ವರ ಗಿರಾಕಿಯ ಫೋನಿಗೆ ಗಾಜು ಅಂಟಿಸುತ್ತಿದ್ದ.

“ಈಶ್ವರ, ನಾ ಆತು ಅಂದ ಮ್ಯಾಲ ಮಗ್ಗ ಚಾಲೂ ಆತಲ್ಲ. ಅವರು ಹಿಡಿಕಿ ಎಳದು ಡ್ರಮ್ಮಿಗೆ ಓಡಿದ್ರು, ಸ್ಟೂಲ್ ಎಡವಿ ನಕ್ಕು ಬಾರಿಸಿದ್ರು. ಅದೆಲ್ಲಿ ಹೋತು?”

ಅವನು ಗಾಜು ಕೆಳಗಿಟ್ಟ. “ಕಟ್ ಮಾಡೇನಿ ವೈನಿ.”

“ಯಾಕ?”

“ಅಲ್ಲಿಗೆ ನಿಂತ್ರ ಛಲೋ ಕೇಳಸ್ತು. ಪರಮಾನಂದಣ್ಣನೂ ಹೂಂ ಅಂದಿದ್ದ.”

“ಅವಾಗ ಜೀವಂತ ಇದ್ರು.”

“ಎಲ್ಲಾರೂ ಅದನ್ನ ಹೊಗಳಾಕತ್ತಾರ. ಆ ಮೌನದ ಮ್ಯಾಲೇ ನಮ್ಮ ಹೆಸರು ನಿಂತೈತಿ. ಈಗ ಹಚ್ಚಿದ್ರ ಎಲ್ಲಾ ಹಾಳಾಗತೈತಿ ವೈನಿ.”

“ನಿಮ್ಮ ಹೆಸರು ನಿಂದ್ರಾಕ ಅವರು ತಾನಾಗೇ ಸಾಯಬೇಕೇನು?”

ಗಿರಾಕಿ ಫೋನ್ ಬಿಟ್ಟು ಹೊರಗೆ ಹೋಗಿ ನಿಂತ. ಈಶ್ವರ ಕಂಪ್ಯೂಟರಿನ ಕಡೆ ತಿರುಗಿದ. ಕತ್ತರಿಸಿದ ತುಣುಕು ಹುಡುಕಿದ. ಸಿಕ್ಕಿತು. ಹನ್ನೊಂದು ಸೆಕೆಂಡು. ಇವರ ನಗು ಕೇಳಿ ಅವನು ಅತ್ತ. ನಾನು ಅಳಲಿಲ್ಲ, ಅದನ್ನು ಹಾಡಿಗೆ ಹಚ್ಚುವವರೆಗೆ ಕೂತೆ.

ಪೂರ್ತಿ ಹಾಡು ಹೊರಗೆ ಬಂದು ಇಪ್ಪತ್ತು ದಿನವಾಯಿತು. ಹಳೆಯದನ್ನು ಕೇಳಿದಷ್ಟು ಜನ ಇದನ್ನು ಕೇಳಿಲ್ಲ. ಕೇಳಿದವರು ಹಳೆಯದೇ ಚೆನ್ನಾಗಿತ್ತು ಅನ್ನುತ್ತಾರೆ. ನಗು ಯಾಕೆ ಸೇರಿಸಿದಿರಿ, ಸತ್ತವನಿಗೆ ಮರ್ಯಾದೆ ಬೇಡವೇ ಅಂತ ಒಬ್ಬ ಬರೆದ. ಹೊಸದು ಮೂಲದ ಗಾಯವನ್ನು ಮುಚ್ಚುತ್ತದೆ ಅಂತ ವಿಮರ್ಶಕ ಬರೆದ. ಮೂಲ ಇದೇ. ಯಾರಿಗೆ ಹೇಳಲಿ.

ಪ್ರತಿಮಾ ಅದನ್ನು ದಾನೇಶ್ವರಿಗೆ ಕಳಿಸಿದಳು. ಅವಳು ಕೇಳಿ, ಕೊನೆಗೆ ನಗುವವರು ಯಾರು ಅಂತ ಕೇಳಿದಳಂತೆ. ನಮ್ಮಪ್ಪ ಅಂತ ಇವಳು ಬರೆದಳು. ದಾನೇಶ್ವರಿ ಮತ್ತೆ ಆ ಮಾತು ಎತ್ತಿಲ್ಲ. ನಿನ್ನೆ ಬೇರೆ ಒಬ್ಬಳು ಎತ್ತಿದಳು. ಪ್ರತಿಮಾ ಅವಳ ನಂಬರ್ ಇಸಕೊಂಡು ಬಂದಿದ್ದಾಳೆ.